ಮಗುವಿನ ಮನಸ್ಸು ಕೂಡ ಅಮಾನತ್

(ಜುಮಾ ಖುತುಬದ ಸಾರಾಂಶ)

ಸರ್ವ ಸ್ತುತಿ ಅಲ್ಲಾಹನಿಗೆ. ಅವನ ಅಂತ್ಯ ಪ್ರವಾದಿ ಹಝ್ರತ್ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರು ಮತ್ತು ಸಹಾಬಿಗಳ ಮೇಲೂ ಅಲ್ಲಾಹನ ಶಾಂತಿ, ಅನುಗ್ರಹ ಇರಲಿ.



ಮೊದಲು ನಮಗೂ ನಿಮಗೂ ತಖ್ವಾವನ್ನು ಉಪದೇಶಿಸುತ್ತೇವೆ. ಅಲ್ಲಾಹನು ನಮ್ಮ ಕೈಗೆ ಒಪ್ಪಿಸಿದ ಅಮಾನತ್‌ಗಳಲ್ಲಿ ಮಕ್ಕಳು ಬಹಳ ದೊಡ್ಡವರು. ಅವರ ಊಟ, ಬಟ್ಟೆ, ಶಾಲೆಯ ಫೀಸು, ಮದ್ರಸದ ಪಾಠ ಇವೆಲ್ಲದರ ಲೆಕ್ಕ ನಮ್ಮ ಬಳಿ ಇದೆ. ಮಗುವಿಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತೇವೆ, ರಾತ್ರಿಯೇ ಆಸ್ಪತ್ರೆಗೆ ಓಡುತ್ತೇವೆ. ಆದರೆ ಮನಸ್ಸಿಗೆ ಜ್ವರ ಬಂದರೆ? ಅದು ಕೈಗೆ ಬಿಸಿ ತಾಗುವುದಿಲ್ಲ. ಮಗು ಊಟ ಬಿಡುತ್ತದೆ, ನಿದ್ದೆ ಬಿಡುತ್ತದೆ, ಗೆಳೆಯರನ್ನು ಬಿಡುತ್ತದೆ. ನಾವು ಅದಕ್ಕೆ ಸೋಮಾರಿತನ ಎಂದು ಹೆಸರಿಡುತ್ತೇವೆ, ಕೆಲವೊಮ್ಮೆ ಕೊಬ್ಬು ಎಂದೂ ಹೇಳುತ್ತೇವೆ.

ಪರೀಕ್ಷೆಯ ದಿನಗಳು ಹತ್ತಿರ ಬರುತ್ತಿವೆ. ಅದಕ್ಕಾಗಿ ಇಂದು ಈ ವಿಷಯವನ್ನು ಎತ್ತಿಕೊಂಡಿದ್ದೇವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ದಿನಕ್ಕೆ 35 ಮಂದಿ. ಒಬ್ಬ ಮನುಷ್ಯನ ಜೀವ ಉಳಿಸುವುದು ಇಡೀ ಮನುಕುಲವನ್ನು ಉಳಿಸಿದಂತೆ ಎಂದು ಕುರ್‌ಆನ್ ಕಲಿಸಿದ ಸಮುದಾಯ ನಮ್ಮದು. ಈ ಸಂಖ್ಯೆಯನ್ನು ಕೇಳಿ ಸುಮ್ಮನೆ ಎದ್ದು ಹೋಗುವಂತಿಲ್ಲ.

ಸಹೋದರರೇ, ಮನಸ್ಸು ಕುಗ್ಗಿದ ಮಗುವಿನ ಬಗ್ಗೆ ನಮ್ಮಲ್ಲಿ ಮೊದಲು ಕೇಳಿಬರುವ ಮಾತು ಯಾವುದು? ‘ನಮಾಝ್ ಸರಿಯಾಗಿ ಮಾಡುವುದಿಲ್ಲ, ಅದಕ್ಕೇ ಹೀಗೆ.’ ‘ಈಮಾನ್ ಗಟ್ಟಿಯಿದ್ದವನಿಗೆ ಇದೆಲ್ಲ ಬರುವುದಿಲ್ಲ.’ ಈ ಮಾತು ಆಡುವ ಮೊದಲು ಯಅ್‌ಕೂಬ್(ಅ)ರನ್ನು ನೆನಪಿಸಿಕೊಳ್ಳಿ. ಮಗ ಯೂಸುಫ್(ಅ)ರ ಅಗಲಿಕೆಯ ದುಃಖದಲ್ಲಿ ಅವರ ಕಣ್ಣುಗಳೇ ಬೆಳ್ಳಗಾದವು. ಅವರು ಅಲ್ಲಾಹನ ಪ್ರವಾದಿ. ಅವರ ಈಮಾನ್ ದುರ್ಬಲವಾಗಿತ್ತೇ? ಹಝ್ರತ್ ಖದೀಜಾ(ರ) ಮತ್ತು ಅಬೂತಾಲಿಬ್ ತೀರಿಕೊಂಡ ವರ್ಷವನ್ನು ಸೀರಾದ ಗ್ರಂಥಗಳು ದುಃಖದ ವರ್ಷವೆಂದೇ ಕರೆಯುತ್ತವೆ. ಪ್ರವಾದಿ(ಸ)ರಿಗೇ ದುಃಖ ಬಂದಿತ್ತು ಎಂದ ಮೇಲೆ ಹದಿನೈದರ ಹುಡುಗನಿಗೆ, ಹುಡುಗಿಗೆ ಬಂದರೆ ಅದನ್ನು ಪಾಪದ ಪಟ್ಟಿಗೆ ಸೇರಿಸಬೇಡಿ.

ನಮಾಝ್, ದಿಕ್ರ್, ಕುರ್‌ಆನ್ ಪಾರಾಯಣ ಮನಸ್ಸಿಗೆ ಬಲ ಕೊಡುತ್ತವೆ. ಇದರಲ್ಲಿ ಸಂಶಯವಿಲ್ಲ. ಆದರೆ ಪ್ರತಿಯೊಂದು ಕಾಯಿಲೆಗೂ ಅಲ್ಲಾಹನು ಮದ್ದು ಇಟ್ಟಿದ್ದಾನೆ, ಚಿಕಿತ್ಸೆ ಪಡೆಯಿರಿ ಎಂದು ಕಲಿಸಿದವರೂ ಅದೇ ಪ್ರವಾದಿ(ಸ). ಒಂಟೆಯನ್ನು ಕಟ್ಟಿದ ಮೇಲೆ ತವಕ್ಕುಲ್. ದೇಹದ ಹಾಗೆ ಮನಸ್ಸಿಗೂ ಕಾಯಿಲೆ ಬರುತ್ತದೆ ಎಂಬುದು ಇಂದಿನ ವೈದ್ಯರು ಹೊಸದಾಗಿ ತಂದ ಮಾತೂ ಅಲ್ಲ. ಕ್ರಿ.ಶ. 934ರಲ್ಲಿ ತೀರಿಕೊಂಡ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿಯವರು ದೇಹ ಮತ್ತು ಮನಸ್ಸು ಎರಡರ ಆರೋಗ್ಯವನ್ನೂ ಸೇರಿಸಿ ಒಂದು ಗ್ರಂಥವನ್ನೇ ಬರೆದರು. ಅದರಲ್ಲಿ ಭಯ, ಕೋಪ, ದುಃಖ, ಬಿಟ್ಟೂ ಬಿಡದೆ ಕಾಡುವ ಯೋಚನೆಗಳು ಇವುಗಳ ಬಗ್ಗೆ ಬೇರೆ ಬೇರೆ ಅಧ್ಯಾಯಗಳಿವೆ. ಸಾವಿರ ವರ್ಷಗಳ ಹಿಂದೆ ನಮ್ಮ ಹಿರಿಯರು ತೆರೆದಿಟ್ಟ ಬಾಗಿಲನ್ನು ನಾವು ನಾಚಿಕೆಯಿಂದ ಮುಚ್ಚಬಾರದು.

ಇನ್ನು ಮೊಬೈಲ್ ವಿಷಯಕ್ಕೆ ಬರೋಣ. ಅದರ ಹಾನಿಯ ಬಗ್ಗೆ ಈ ಮಿಂಬರ್‌ನಿಂದ ನೀವು ಎಷ್ಟೋ ಸಲ ಕೇಳಿದ್ದೀರಿ. ಆ ಮಾತುಗಳು ಹಾಗೆಯೇ ಇರಲಿ. ಇಂದು ಅದೇ ಮೊಬೈಲ್‌ನ ಇನ್ನೊಂದು ಮುಖವನ್ನು ಹೇಳುತ್ತೇವೆ. ಚಾಕುವಿನಿಂದ ಕೈಯನ್ನೂ ಕೊಯ್ದುಕೊಳ್ಳಬಹುದು, ಹಣ್ಣನ್ನೂ ಕೊಯ್ಯಬಹುದು.

2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಕೇಂದ್ರ ಸರಕಾರ ‘ಟೆಲಿ ಮಾನಸ್’ ಎಂಬ ಸೇವೆಯನ್ನು ಆರಂಭಿಸಿತು. ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಸಂಖ್ಯೆ 14416. ಇದು ದಿನದ 24 ಗಂಟೆಯೂ ಇರುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡವೂ ಸೇರಿ 20 ಭಾಷೆಗಳಲ್ಲಿ ಮಾತಾಡಬಹುದು. ಇದಕ್ಕೆ ಸ್ಮಾರ್ಟ್ ಫೋನೇ ಬೇಕೆಂದಿಲ್ಲ, ಬಟನ್ ಫೋನ್ ಸಾಕು, ಇಂಟರ್‌ನೆಟ್ ಬೇಡ. ಕರೆ ಮಾಡಿದರೆ ಮೊದಲು ಭಾಷೆಯನ್ನು ಆರಿಸಬೇಕು. ನಂತರ ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಾಡುತ್ತಾರೆ. ಅಗತ್ಯ ಬಿದ್ದರೆ ಅವರು ಮನೋವೈದ್ಯರಿಗೆ ಸಂಪರ್ಕ ಕೊಡುತ್ತಾರೆ, ಹತ್ತಿರದ ಆಸ್ಪತ್ರೆಯ ದಾರಿ ತೋರಿಸುತ್ತಾರೆ. 2024ರಲ್ಲಿ ಇದರ ಆ್ಯಪ್ ಕೂಡ ಬಂದಿದೆ. ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಹೆತ್ತವರಿಗೆಂದೇ ಶಿಕ್ಷಣ ಸಚಿವಾಲಯ 2020ರ ಜುಲೈಯಲ್ಲಿ ‘ಮನೋದರ್ಪಣ್’ ಎಂಬ ವ್ಯವಸ್ಥೆಯನ್ನು ಮಾಡಿದೆ. ಅದಕ್ಕೆ ವೆಬ್‌ಸೈಟ್ ಇದೆ, 8448440632 ಎಂಬ ಸಹಾಯವಾಣಿ ಇದೆ. ಮಗುವಿನ ಮೇಲೆ ಯಾರಾದರೂ ದೌರ್ಜನ್ಯ ನಡೆಸುತ್ತಿದ್ದರೆ 1098 ಇದೆ.

ಕೆಲವರು ಕೇಳಬಹುದು: ಫೋನಿನಲ್ಲಿ ಮಾತಾಡಿದರೆ ಮನಸ್ಸು ಹೇಗೆ ಹಗುರಾಗುತ್ತದೆ? ಗಲ್ಫ್‌ನಲ್ಲಿರುವ ಬಾಪಂದಿರನ್ನು ಕೇಳಿ. ದಿನವಿಡೀ ದುಡಿದು ರೂಮಿಗೆ ಬಂದು ರಾತ್ರಿ ಮನೆಗೆ ವೀಡಿಯೊ ಕಾಲ್ ಮಾಡುತ್ತಾರಲ್ಲ, ಆ ಹತ್ತು ನಿಮಿಷದ ಬೆಲೆ ಅವರಿಗೆ ಗೊತ್ತು. ಇದರಲ್ಲಿ ಇನ್ನೊಂದು ಪ್ರಯೋಜನವಿದೆ. ಮನೋವೈದ್ಯರ ಬಾಗಿಲಲ್ಲಿ ಮಗಳನ್ನು ಯಾರಾದರೂ ನೋಡಿದರೆ ನಾಳೆ ಸಂಬಂಧ ಕೂಡಿಬರುವುದಿಲ್ಲ ಎಂಬ ಭಯದಿಂದ ಎಷ್ಟೋ ಉಮ್ಮಂದಿರು ಬಾಯಿ ಮುಚ್ಚಿ ಕೂರುತ್ತಾರೆ. ಆ ಭಯ ತಪ್ಪು. ಅಂಥ ಭಯ ಹುಟ್ಟಿಸುವ ನಮ್ಮ ನಾಲಗೆಯದ್ದು ಇನ್ನೂ ದೊಡ್ಡ ತಪ್ಪು, ಅದು ಗೀಬತ್. ಆದರೆ ನಾಲಗೆಗಳು ಸರಿಯಾಗುವ ತನಕ ಮಗು ಕಾಯಬೇಕಾಗಿಲ್ಲ. ಫೋನಿನಲ್ಲಿ ಮೊದಲ ಹೆಜ್ಜೆ ಇಡಬಹುದು.

ಆದರೆ ಸಹೋದರರೇ, ಇಷ್ಟೆಲ್ಲ ಇದ್ದರೂ ಮಗುವಿಗೆ ಆ ಕರೆ ಮಾಡಲು ಜಾಗವೆಲ್ಲಿದೆ? ಇಂದಿನ ಖುತುಬದ ಮುಖ್ಯ ಮಾತು ಇದು. ಮನೆಯಲ್ಲಿರುವುದು ಒಂದೇ ಫೋನ್, ಅದು ಬಾಪನ ಜೇಬಿನಲ್ಲಿ ಅಥವಾ ಅಣ್ಣನ ಕೈಯಲ್ಲಿ. ಹೆಣ್ಣು ಮಕ್ಕಳಿಗೆ ಅದು ಸಿಗುವುದು ಎಲ್ಲರ ಕೆಲಸ ಮುಗಿದ ಮೇಲೆ, ಅದೂ ಎಲ್ಲರ ಎದುರಿಗೆ. ಮಾತಾಡಿ ಇಟ್ಟ ಕೂಡಲೇ ‘ಯಾರಿಗೆ ಮಾಡಿದ್ದು? ಏನು ಹೇಳಿದೆ?’ ಎಂದು ವಿಚಾರಣೆ. ನೋವಿನಲ್ಲಿರುವ ಮಗು ಮನೆಯ ನಡುಕೋಣೆಯಲ್ಲಿ ನಿಂತು ನೋವು ಹೇಳಲಾರದು. ಸರಕಾರ ಸಂಖ್ಯೆಯನ್ನು ಕೊಡಬಹುದು, ಒಂದು ಕೋಣೆ ಮತ್ತು ಅರ್ಧ ಗಂಟೆಯನ್ನು ಕೊಡಬೇಕಾದವರು ನಾವು.

ಹಾಗಾದರೆ ಮಕ್ಕಳ ಫೋನಿನ ಮೇಲೆ ಕಣ್ಣಿಡುವುದು ಬೇಡವೇ? ಬೇಕು. ಯಾವ ಆಟ, ಯಾವ ಗೆಳೆತನ, ರಾತ್ರಿ ಎಷ್ಟು ಹೊತ್ತು ಎಂದು ನೋಡುವುದು ಹೆತ್ತವರ ಹೊಣೆ. ಆದರೆ ಕಾವಲು ಬೇರೆ, ಕದ್ದು ಕೇಳುವುದು ಬೇರೆ. ಇನ್ನೊಬ್ಬರ ಗುಟ್ಟು ಹುಡುಕುತ್ತಾ ಹೋಗುವುದನ್ನು ಕುರ್‌ಆನ್ ತಡೆದಿದೆ. ವೈದ್ಯರ ಬಳಿ, ಸಮಾಲೋಚಕರ ಬಳಿ ಮಗು ಆಡಿದ ಮಾತು ಅಮಾನತ್. ‘ಮಾತಾಡು, ನಾನು ಹೊರಗಿದ್ದೇನೆ. ಹೇಳಬೇಕೆನಿಸಿದರೆ ನನಗೂ ಹೇಳು, ಇಲ್ಲದಿದ್ದರೆ ಪರವಾಗಿಲ್ಲ’ ಎಂದು ಬಾಗಿಲು ಎಳೆದುಕೊಳ್ಳುವ ಬಾಪನಿಗೆ ಮಗು ಒಂದು ದಿನ ಇನ್ಶಾ ಅಲ್ಲಾಹ್ ತಾನಾಗಿಯೇ ಹೇಳುತ್ತದೆ.

ಈ ಗುಟ್ಟಿಗೆ ಒಂದು ಮಿತಿಯಿದೆ, ಅದನ್ನೂ ತಿಳಿದಿರಿ. ಮಗು ಸಾಯುವ ಮಾತಾಡಿದರೆ, ತನಗೆ ತಾನೇ ಗಾಯ ಮಾಡಿಕೊಂಡರೆ, ಪ್ರೀತಿಯ ವಸ್ತುಗಳನ್ನು ಎಲ್ಲರಿಗೂ ಹಂಚತೊಡಗಿದರೆ ಅದು ಗುಟ್ಟು ಇಟ್ಟುಕೊಳ್ಳುವ ಹೊತ್ತಲ್ಲ. ಮಗುವನ್ನು ಒಂಟಿಯಾಗಿ ಬಿಡಬೇಡಿ, ಆ ದಿನವೇ ವೈದ್ಯರಿಗೆ ತೋರಿಸಿ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಪೊಲೀಸ್ ಕೇಸ್ ಆಗುತ್ತದೆಂದು ಹೆದರಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಜೀವ ಕಳೆದುಕೊಳ್ಳಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಪರಿಗಣಿಸಬೇಕು, ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ ಕೊಡುವುದು ಸರಕಾರದ ಕರ್ತವ್ಯ.

ಮಕ್ಕಳು ಈಗ ರಾತ್ರಿ ಹೊತ್ತು ಕಂಪ್ಯೂಟರ್ ಬುದ್ಧಿಯ ಚಾಟ್‌ಬಾಟ್‌ಗಳ ಜೊತೆಯೂ ಕಷ್ಟ ಹೇಳಿಕೊಳ್ಳುತ್ತಾರೆ. ಅದು ಬೈಯುವುದಿಲ್ಲ, ಬೇಸರಪಡುವುದಿಲ್ಲ, ಕೂಡಲೇ ಉತ್ತರ ಕೊಡುತ್ತದೆ. ಪಾಠದ ಸಂಶಯ ಕೇಳಲು ಒಳ್ಳೆಯದು. ಆದರೆ ಅದು ಮಗುವಿನ ಮುಖ ನೋಡಿಲ್ಲ, ಮಗು ಉತ್ತರ ನಿಲ್ಲಿಸಿದರೆ ಬಂದು ಬಾಗಿಲು ಬಡಿಯಲಾರದು. ಮಗು ಯಂತ್ರದ ಬಳಿ ಹೋಗಿದೆಯೆಂದರೆ ಮನುಷ್ಯರ ಬಳಿ ಹೋಗಲು ಹೆದರಿದೆ ಎಂದೂ ಅರ್ಥವಿರಬಹುದು. ಯಂತ್ರಕ್ಕೆ ಬೈಯುವ ಮೊದಲು ಆ ಹೆದರಿಕೆಯನ್ನು ತೆಗೆಯಿರಿ.

ಶಾಲೆಗಳ ವಿಷಯಕ್ಕೆ ಬಂದರೆ, 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿ ಕೊಟ್ಟಿದೆ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಸಮಾಲೋಚಕರು ಇರಬೇಕು. ಟೆಲಿ ಮಾನಸ್‌ನಂಥ ಸಹಾಯವಾಣಿಯ ಸಂಖ್ಯೆ ತರಗತಿ, ಹಾಸ್ಟೆಲ್, ವೆಬ್‌ಸೈಟ್‌ಗಳಲ್ಲಿ ದೊಡ್ಡ ಅಕ್ಷರದಲ್ಲಿ ಕಾಣಬೇಕು. ನಮ್ಮಲ್ಲಿ ಎಸ್‌ಡಿಎಂಸಿ ಸದಸ್ಯರಿದ್ದೀರಿ, ಶಾಲೆ ನಡೆಸುವವರೂ ಇದ್ದೀರಿ. ಮುಂದಿನ ಸಭೆಯಲ್ಲಿ ಇದನ್ನು ಕೇಳಿ. ಕೆಲವು ಶಾಲೆಗಳು ಆನ್‌ಲೈನ್ ಫಾರ್ಮ್ ಕಳುಹಿಸಿ ‘ಈ ವಾರ ನಿನಗೆ ಹೇಗನಿಸುತ್ತಿದೆ’ ಎಂದು ಮಕ್ಕಳನ್ನು ಕೇಳುತ್ತವೆ. ಒಳ್ಳೆಯ ಕ್ರಮ. ಆದರೆ ಎರಡು ಪ್ರಶ್ನೆ ಕೇಳಿ: ಆ ಉತ್ತರವನ್ನು ಅದೇ ದಿನ ಓದುವವರು ಯಾರು? ಓದಿದ ಮೇಲೆ ಅದು ಸ್ಟಾಫ್ ರೂಮಿನ ಹರಟೆಯಾಗುವುದಿಲ್ಲ ಎಂಬುದಕ್ಕೆ ಹೊಣೆ ಯಾರು? ಮಗು ‘ಚೆನ್ನಾಗಿಲ್ಲ’ ಎಂದು ಬರೆದ ಮೇಲೆ ಯಾರೂ ಹತ್ತಿರ ಬಾರದಿದ್ದರೆ ಮುಂದಿನ ವಾರ ಅದು ‘ಚೆನ್ನಾಗಿದೆ’ ಎಂದೇ ಬರೆಯುತ್ತದೆ. ಆಗ ಫಾರ್ಮ್ ತುಂಬಿರುತ್ತದೆ, ಮಗುವಿನ ಸ್ಥಿತಿ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ಫಲಿತಾಂಶವೂ ಈಗ ಫೋನಿಗೇ ಬರುತ್ತದೆ. ಮಗು ನೋಡುವ ಮೊದಲೇ ಅದು ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿಗೆ ಹೋಗಿರುತ್ತದೆ, ಮಾವನ ಮಗನ ಅಂಕದ ಜೊತೆ ತೂಕಕ್ಕೆ ಹಾಕಿಯಾಗಿರುತ್ತದೆ. ಈ ವರ್ಷ ಒಂದು ನಿಯಮ ಮಾಡೋಣ: ಮಗು ತಾನೇ ಒಪ್ಪದೆ ಅದರ ಅಂಕವನ್ನು ಯಾವ ಗ್ರೂಪಿಗೂ ಹಾಕುವುದಿಲ್ಲ. ಫೇಲಾದರೆ ಬಾಗಿಲು ಮುಚ್ಚಿಲ್ಲ. ಎಸೆಸೆಲ್ಸಿ, ದ್ವಿತೀಯ ಪಿಯುಸಿ ಎರಡಕ್ಕೂ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವನ್ನು ರಾಜ್ಯ ಸರಕಾರ ತಂದಿದೆ. ಸರಕಾರವೇ ಮತ್ತೆ ಅವಕಾಶ ಕೊಡುವಾಗ ಹೆತ್ತವರು ಒಂದಕ್ಕೇ ನಿಲ್ಲಿಸಬಾರದು.

ಪ್ರವಾದಿ(ಸ)ರ ಜೀವನದಿಂದ ಒಂದು ಘಟನೆ ಕೇಳಿ. ಅನಸ್(ರ)ರಿಗೆ ಅಬೂ ಉಮೈರ್ ಎಂಬ ಪುಟ್ಟ ತಮ್ಮನಿದ್ದ. ಅವನೊಂದು ಚಿಕ್ಕ ಹಕ್ಕಿಯನ್ನು ಸಾಕಿದ್ದ. ಅದು ಸತ್ತಿತು. ಮಗುವಿನ ಮುಖ ಬಾಡಿದ್ದನ್ನು ಪ್ರವಾದಿ(ಸ) ಗಮನಿಸಿದರು, ಏನಾಯಿತೆಂದು ವಿಚಾರಿಸಿದರು. ನಂತರ ದೊಡ್ಡವರನ್ನು ಕರೆಯುವ ಹಾಗೆ ಅವನನ್ನು ಅಬೂ ಉಮೈರ್ ಎಂದು ಕರೆದು, ಆ ಹಕ್ಕಿಯ ಬಗ್ಗೆಯೇ ಕೇಳಿ ಮಾತಾಡಿಸಿದರು. ಮದೀನಾದ ಆಡಳಿತ, ಯುದ್ಧ, ಒಪ್ಪಂದ ಎಲ್ಲದರ ಭಾರ ಅವರ ಹೆಗಲ ಮೇಲಿತ್ತು. ಆದರೂ ಹಕ್ಕಿ ಸತ್ತ ದುಃಖ ಸಣ್ಣದು ಎಂದು ಅವರಿಗೆ ಅನಿಸಲಿಲ್ಲ. ಇದರಲ್ಲಿ ಮೂರು ಪಾಠಗಳಿವೆ: ಮಗುವಿನ ಮುಖ ನೋಡುವುದು, ಕೇಳುವುದು, ನಗೆಯಾಡದೆ ಗೌರವದಿಂದ ಮಾತಾಡಿಸುವುದು. ಈ ಮೂರು ಇಲ್ಲದ ಮನೆಯಲ್ಲಿ ಯಾವ ಆ್ಯಪ್ ಕೂಡ ಹೆಚ್ಚು ಕೆಲಸ ಮಾಡದು.

ಕೊನೆಯಲ್ಲಿ ನಮ್ಮ ವಿನಂತಿಗಳು. ಒಂದು, 14416 ಮತ್ತು 1098 ಸಂಖ್ಯೆಗಳನ್ನು ಮದ್ರಸದ ಗೋಡೆಯಲ್ಲಿ ಮಕ್ಕಳ ಕಣ್ಣಿನ ಎತ್ತರಕ್ಕೆ ಅಂಟಿಸಲು ಜಮಾಅತ್ ಕಮಿಟಿಯವರು ಏರ್ಪಾಡು ಮಾಡಲಿ. ಎರಡು, ಇಂದು ಮನೆಗೆ ಹೋಗಿ ಮಕ್ಕಳಿಗೆ ಈ ಸಂಖ್ಯೆಗಳನ್ನು ನೀವೇ ಹೇಳಿಕೊಡಿ. ಬಾಪನ ಬಾಯಿಂದ ಬಂದರೆ ಅದು ಅನುಮತಿಯೂ ಆಗುತ್ತದೆ. ಮೂರು, ಕೇಳಿದಾಗ ಫೋನ್ ಕೊಡಿ, ಕೋಣೆ ಕೊಡಿ, ಲೆಕ್ಕ ಕೇಳಬೇಡಿ. ನಾಲ್ಕು, ತಾಯಿತಕ್ಕೆ, ಮಂತ್ರಿಸುವವರಿಗೆ ಹಣ ಸುರಿಯುವ ಬದಲು ವೈದ್ಯರ ಬಳಿ ಹೋಗಿ. ದುಆ ನಾವೆಲ್ಲ ಸೇರಿ ಮಾಡೋಣ, ಅದಕ್ಕೆ ಹಣ ಬೇಡ. ಐದು, ಹೀಗೆ ಮಗುವನ್ನು ಕಳೆದುಕೊಂಡ ಮನೆ ನಮ್ಮ ನಡುವೆ ಇದ್ದರೆ ಆ ಹೆತ್ತವರ ಮುಂದೆ ತೀರ್ಪು ಹೇಳಬೇಡಿ. ತೀರ್ಪು ಅಲ್ಲಾಹನದು. ನಮ್ಮ ಪಾಲಿಗಿರುವುದು ಸಾಂತ್ವನ ಮತ್ತು ದುಆ ಮಾತ್ರ.

ಯಾ ಅಲ್ಲಾಹ್, ನಮ್ಮ ಮಕ್ಕಳ ದೇಹಕ್ಕೂ ಮನಸ್ಸಿಗೂ ಆಫಿಯತ್ ಕೊಡು. ಅವರು ಹೇಳಲಾರದ ನೋವನ್ನು ಅರಿಯುವ ಕಣ್ಣನ್ನು, ಹೇಳಿದಾಗ ತಾಳ್ಮೆಯಿಂದ ಕೇಳುವ ಕಿವಿಯನ್ನು ನಮಗೆ ಕೊಡು. ಪರೀಕ್ಷೆಗೆ ಕೂರುವ ಎಲ್ಲ ಮಕ್ಕಳಿಗೆ, ಅವರು ಯಾವ ಮನೆಯವರೇ ಆಗಿರಲಿ, ಯಾವ ಧರ್ಮದವರೇ ಆಗಿರಲಿ, ಧೈರ್ಯವನ್ನೂ ಒಳಿತನ್ನೂ ಕರುಣಿಸು. ಆಮೀನ್.