ಮನೆಯಲ್ಲಿ ಕಟ್ಟಿದ ಕಾರಿಗೆ ಮಳೆಯ ಹೊದಿಕೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಆಡಿ ಎಂದು ಸಂಘಟಕರು ಹೇಳಿದ್ದರು. ಅದನ್ನು ಹೇಳುವವರು ಈಗ ಬಹಳ ಜನ ಇದ್ದಾರೆ. ಆದ್ದರಿಂದ ಅವರ ಅನುಮತಿ ಪಡೆದು ಬೇರೆ ವಿಷಯ ತಂದಿದ್ದೇನೆ. ಮನೆಯಲ್ಲೇ ಕಟ್ಟಿದ ಸ್ಪೋರ್ಟ್ಸ್ ಕಾರಿಗೆ ಮಳೆ ತಡೆಯುವ ಬಟ್ಟೆಯ ಚಾವಣಿ, ಅಂದರೆ ಹುಡ್, ಮತ್ತು ಪಕ್ಕದ ಪರದೆಗಳನ್ನು ಹೇಗೆ ಮಾಡುತ್ತಾರೆ ಎಂಬುದೇ ಆ ವಿಷಯ. ಈ ಶಾಲೆಯಲ್ಲಿ ನಿಂತು ಇದನ್ನು ಯಾಕೆ ಹೇಳುತ್ತಿದ್ದೇನೆ ಎನ್ನುವುದು ಕೊನೆಗೆ ನಿಮಗೇ ತಿಳಿಯುತ್ತದೆ.

ಕಾರನ್ನು ಮನೆಯಲ್ಲಿ ಕಟ್ಟುವುದೇ ಎಂದು ನಿಮಗೆ ಆಶ್ಚರ್ಯವಾಗಬಹುದು. ಇಂಗ್ಲೆಂಡಿನಲ್ಲಿ ಇದು ಹಳೆಯ ಹವ್ಯಾಸ. ಕಾಲಿನ್ ಚಾಪ್ಮನ್ ಎಂಬ ಎಂಜಿನಿಯರರ ಲೋಟಸ್ ಕಂಪನಿ 1957ರಲ್ಲಿ ಲೋಟಸ್ ಸೆವೆನ್ ಎಂಬ ಪುಟ್ಟ ಕಾರನ್ನು ಹೊರತಂದಿತು. ಅದನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಖರೀದಿ ತೆರಿಗೆ ಉಳಿಯುತ್ತಿತ್ತು. 1973ರಲ್ಲಿ ವ್ಯಾಟ್ ಬಂದ ಮೇಲೆ ಆ ಲಾಭ ಹೋಯಿತು. ಅದೇ ವರ್ಷ ಕಾರಿನ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ಹವ್ಯಾಸ ಮಾತ್ರ ಉಳಿಯಿತು. 1996ರಲ್ಲಿ ರಾನ್ ಚಾಂಪಿಯನ್ ಎಂಬುವರು 250 ಪೌಂಡಿನಷ್ಟು ಕಡಿಮೆ ಖರ್ಚಿನಲ್ಲಿ ನಿಮ್ಮ ಸ್ಪೋರ್ಟ್ಸ್ ಕಾರನ್ನು ನೀವೇ ಕಟ್ಟಿ ಎನ್ನುವ ಪುಸ್ತಕ ಬರೆದರು. 25 ಮಿಲಿಮೀಟರ್ ಚೌಕದ ಉಕ್ಕಿನ ಕೊಳವೆಗಳನ್ನು ಬೆಸೆದು ಚೌಕಟ್ಟು ಮಾಡಿ, ಹಳೆಯ ಫೋರ್ಡ್ ಎಸ್ಕಾರ್ಟ್ ಕಾರಿನ ಎಂಜಿನ್, ಗೇರ್‌ಬಾಕ್ಸ್ ತೆಗೆದು ಕೂರಿಸುವ ವಿಧಾನ ಅದು. ಹೀಗೆ ಕಟ್ಟಿದ ಕಾರು ಐವಿಎ ಎಂಬ ಸರ್ಕಾರಿ ತಪಾಸಣೆಯಲ್ಲಿ ಪಾಸಾದರೆ ನಂಬರ್ ಪ್ಲೇಟ್ ಸಿಗುತ್ತದೆ.

ಈ ಜಾತಿಯ ಕಾರುಗಳಿಗೆ ಗಟ್ಟಿ ಚಾವಣಿ ಇಲ್ಲ, ಮಾಮೂಲಿ ಬಾಗಿಲೂ ಇಲ್ಲ. ಇಂಗ್ಲೆಂಡಿನ ಮಳೆಯಾದರೋ ಹೇಳಿ ಕೇಳಿ ಬರುವುದಿಲ್ಲ. ಕೆಲಸದ ಮೇಲೆ ನಾನು ಅಲ್ಲಿ ಎರಡು ವರ್ಷ ಇದ್ದಾಗ ನನ್ನ ಸಹೋದ್ಯೋಗಿಯೊಬ್ಬರು ಇಂಥ ಕಾರು ಕಟ್ಟುತ್ತಿದ್ದರು. ಶನಿವಾರಗಳಲ್ಲಿ ನಾನು ಹೋಗಿ ಕೈಜೋಡಿಸುತ್ತಿದ್ದೆ. ಎಂಜಿನ್ ಕೂತಿತು, ಬ್ರೇಕ್ ಹಿಡಿಯಿತು, ದೀಪ ಹತ್ತಿತು. ಆ ಮೇಲೆ ಇಡೀ ಒಂದು ಚಳಿಗಾಲ ಹಿಡಿದದ್ದು ಹುಡ್ಡಿಗೆ. ಯಾಕೆಂದರೆ ಎಂಜಿನ್ನಿಗೆ ಕೈಪಿಡಿ ಇದೆ, ಬೋಲ್ಟಿಗೆ ಅಳತೆ ಇದೆ. ಕೈಯಿಂದ ಬೆಸೆದ ಪ್ರತಿಯೊಂದು ಕಾರಿನ ಮೈ ಮಾತ್ರ ಬೇರೆ ಬೇರೆ. ಎಡಕ್ಕೂ ಬಲಕ್ಕೂ ಅರ್ಧ ಅಂಗುಲ ವ್ಯತ್ಯಾಸ ಇದ್ದೇ ಇರುತ್ತದೆ. ಒಬ್ಬರ ಅಂಗಿ ಇನ್ನೊಬ್ಬರಿಗೆ ಸರಿಹೊಂದದ ಹಾಗೆ, ಒಂದು ಕಾರಿನ ಹುಡ್ ಇನ್ನೊಂದಕ್ಕೆ ಹೊಂದುವುದಿಲ್ಲ. ಮೈಮೇಲೆಯೇ ಅಳತೆ ತೆಗೆಯಬೇಕು.

ಅದನ್ನು ಹೀಗೆ ಮಾಡುತ್ತಾರೆ. ಮೊದಲು ಬಾಗಿಸಿದ ಕೊಳವೆಯ ಕಮಾನುಗಳನ್ನು ನಿಲ್ಲಿಸಬೇಕು. ಗಾಜಿನ ಮೇಲಂಚಿನಿಂದ ಕಮಾನುಗಳ ಮೇಲೆ ಹಾದು ಹಿಂಬದಿಯವರೆಗೆ ದಾರ ಎಳೆದು ನೋಡಬೇಕು. ದಾರ ಎಲ್ಲಿ ತಗ್ಗುತ್ತದೋ ಅಲ್ಲಿ ಮುಂದೆ ನೀರು ನಿಲ್ಲುತ್ತದೆ. ಆ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ, ಟೇಪು ಹಚ್ಚಿ, ನಡುಗೆರೆ ಹಾಕಿ, ಎಲ್ಲಿ ಹೊಲಿಗೆ, ಎಲ್ಲಿ ಗುಂಡಿ, ಎಲ್ಲಿ ಹಿಂದಿನ ಕಿಟಕಿ ಎಂದು ಗುರುತು ಮಾಡಬೇಕು. ಅದನ್ನು ಬಿಚ್ಚಿ, ಹೊಲಿಗೆಯ ಅಂಚಿಗೆ ಜಾಗ ಸೇರಿಸಿದರೆ ಅದೇ ನಮೂನೆ. ಅರ್ಧ ನಮೂನೆ ಮಾಡಿ ಮಡಿಸಿ ಕತ್ತರಿಸುವಂತಿಲ್ಲ. ಎಡ ಬೇರೆ, ಬಲ ಬೇರೆ.

ಇಲ್ಲಿ ಗಣಿತದ ಮೇಷ್ಟ್ರಿಗೆ ಇಷ್ಟವಾಗುವ ಒಂದು ಮಾತಿದೆ. ಒಂದು ಹಾಳೆಯನ್ನು ಕೊಳವೆಯಂತೆ ಸುತ್ತಬಹುದು, ಕಡಲೆಕಾಯಿ ಪೊಟ್ಟಣದಂತೆ ಶಂಕುವಾಗಿಯೂ ಸುತ್ತಬಹುದು. ಚೆಂಡಿಗೆ ಸುತ್ತಿದರೆ ಸುಕ್ಕು ತಪ್ಪದು. ಎರಡು ದಿಕ್ಕಿಗೂ ಬಾಗಿದ ಮೈಯನ್ನು ಸಪಾಟು ಹಾಳೆಯಿಂದ ಸುಕ್ಕಿಲ್ಲದೆ ಮುಚ್ಚಲಾಗದು ಎನ್ನುವುದು 1827ರಲ್ಲಿ ಗೌಸ್ ತೋರಿಸಿದ ಪ್ರಮೇಯದಿಂದ ಬರುತ್ತದೆ. ಹುಡ್ಡಿನ ಮೂಲೆಗಳು ಹೀಗೆ ಎರಡೂ ಕಡೆ ಬಾಗುತ್ತವೆ. ಆದ್ದರಿಂದ ನಡುವೆ ಒಂದು ತುಂಡು, ಪಕ್ಕಕ್ಕೆ ಎರಡು ತುಂಡು ಕತ್ತರಿಸಿ, ಬಾಗಿದ ಅಂಚುಗಳನ್ನು ಸೇರಿಸಿ ಹೊಲಿದು ಆಕಾರ ತರುತ್ತಾರೆ. ರವಿಕೆಗೆ ಟಕ್ಸ್ ಹಿಡಿಯುವ ದರ್ಜಿ ದಿನವೂ ಬಿಡಿಸುವ ಲೆಕ್ಕ ಇದೇ.

ಬಟ್ಟೆ ಸಾಮಾನ್ಯವಾಗಿ ವಿನೈಲ್ ಲೇಪಿಸಿದ್ದು. ಇಲ್ಲವೇ ಎರಡು ಪದರ ಬಟ್ಟೆಯ ನಡುವೆ ರಬ್ಬರ್ ಇರುವಂಥದ್ದು. ಎರಡೂ ನೀರು ತಡೆಯುತ್ತವೆ. ಆದರೆ ಮಳೆ ಒಳಬರುವುದು ಬಟ್ಟೆಯ ಮೂಲಕ ಅಲ್ಲ, ಸೂಜಿ ಚುಚ್ಚಿದ ತೂತಿನ ಮೂಲಕ. ವಿನೈಲಿನಲ್ಲಿ ಬಿದ್ದ ತೂತು ಮುಚ್ಚಿಕೊಳ್ಳುವುದಿಲ್ಲ. ಆದ್ದರಿಂದ ಗುಂಡುಸೂಜಿ ಬಳಸುವಂತಿಲ್ಲ, ಕ್ಲಿಪ್ಪು ಹಾಕಬೇಕು. ಹೊಲಿಗೆ ತೀರಾ ಒತ್ತಾಗಿದ್ದರೆ ಅಂಚೆ ಚೀಟಿಯ ಅಂಚಿನಂತೆ ಬಟ್ಟೆ ಅಲ್ಲೇ ಹರಿಯುತ್ತದೆ. ನಾಲ್ಕು ಐದು ಮಿಲಿಮೀಟರಿಗೆ ಒಂದು ಹೊಲಿಗೆ ಸಾಕು. ದಾರ ಬಿಸಿಲು ತಾಳುವ ಪಾಲಿಯೆಸ್ಟರ್ ಆಗಿರಬೇಕು. ಅದರ ಮೇಲೆ ಹತ್ತಿ ಸುತ್ತಿದ್ದರೆ ಇನ್ನೂ ಒಳ್ಳೆಯದು. ನೆನೆದಾಗ ಹತ್ತಿ ಉಬ್ಬಿ ತೂತನ್ನು ತುಂಬುತ್ತದೆ. ಇನ್ನು ಅಂಚಿನ ಮೇಲೆ ಅಂಚು ಬರುವಾಗ ಮಂಗಳೂರು ಹೆಂಚಿನ ನಿಯಮ: ಮೇಲಿನದು ಕೆಳಗಿನದನ್ನು ಮುಚ್ಚಬೇಕು. ಆದರೆ ಕಾರು ಓಡುತ್ತದೆ, ನೀರು ಮುಂದಿನಿಂದ ಹಿಂದಕ್ಕೆ ಹರಿಯುತ್ತದೆ. ಹಾಗಾಗಿ ಮುಂದಿನ ತುಂಡು ಹಿಂದಿನದರ ಮೇಲೆ ಬರಬೇಕು.

ಗಾಳಿಯ ಲೆಕ್ಕವೂ ಇದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎದುರು ಗಾಳಿಯ ಒತ್ತಡ ಒಂದು ಚದರ ಮೀಟರಿಗೆ ಸುಮಾರು 47 ಕಿಲೋ ತೂಕದಷ್ಟು. ಚಾವಣಿಯ ಮೇಲೆ ಗಾಳಿ ವೇಗವಾಗಿ ಹರಿಯುವುದರಿಂದ ಅಲ್ಲಿ ಒತ್ತಡ ತಗ್ಗಿ, ಬಟ್ಟೆ ಮೇಲಕ್ಕೆ ಉಬ್ಬುತ್ತದೆ. 47ರ ಅರ್ಧ ಭಾಗ ಎಳೆದರೂ ಇಪ್ಪತ್ತು ಕಿಲೋ ದಾಟಿತು. ವೇಗ ಅರ್ಧಕ್ಕಿಳಿದರೆ ಈ ಎಳೆತ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಇದನ್ನೆಲ್ಲ ತಾಳುವುದು ಅಂಚಿನ ಗುಂಡಿಗಳು. ನಮ್ಮ ಟಿಚ್ ಬಟನ್ ಯಾವ ಕಡೆಯಿಂದ ಎಳೆದರೂ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಬಳಸುವ ಲಿಫ್ಟ್ ದಿ ಡಾಟ್ ಎಂಬ ಗುಂಡಿ ಮೂರು ಕಡೆ ಬಿಗಿ ಹಿಡಿದು ಒಂದು ಕಡೆಯಿಂದ ಎತ್ತಿದರೆ ಮಾತ್ರ ಬಿಡುತ್ತದೆ. ಎಳೆತ ಎತ್ತಲಿಂದ ಬರುತ್ತದೆಂದು ಮೊದಲೇ ಯೋಚಿಸಿ ಅದನ್ನು ಕೂರಿಸಬೇಕು.

ಪಕ್ಕದ ಪರದೆ ಎಂದರೆ ಬಾಗಿಸಿದ ಕಬ್ಬಿಣದ ಸರಳಿನ ಚೌಕಟ್ಟು. ಅದಕ್ಕೆ ಬಟ್ಟೆ, ನಡುವೆ ಪಾರದರ್ಶಕ ಪಿವಿಸಿ ಕಿಟಕಿ. ಮುಂದಿನ ಗಾಜಿನ ಕಂಬಕ್ಕೆ ಎರಡು ಕೀಲು ಇರುತ್ತವೆ. ಎತ್ತಿದರೆ ಪರದೆ ಕೈಗೆ ಬರುತ್ತದೆ. ಅದೇ ಬಾಗಿಲು, ಅದೇ ಕಿಟಕಿ. ಓಡುವಾಗ ಗಾಳಿ ಅದನ್ನೂ ಹೊರಕ್ಕೆ ಎಳೆಯುತ್ತದೆ. ಅದಕ್ಕಾಗಿ ಸರಳನ್ನು ಸ್ವಲ್ಪ ಒಳಕ್ಕೆ ಬಾಗಿಸಿ ಸ್ಪ್ರಿಂಗಿನಂತೆ ಹುಡ್ಡಿಗೆ ಒತ್ತಿಕೊಳ್ಳುವ ಹಾಗೆ ಮಾಡುತ್ತಾರೆ. ಕೆಳಗಿನ ಅಂಚು ಕಾರಿನ ಮೈಯ ಹೊರಗೆ ಇಳಿಬಿದ್ದಿರಬೇಕು. ಒಳಗೆ ಸೇರಿಸಿದರೆ ಅಷ್ಟೂ ನೀರು ಕೂತವರ ತೊಡೆಯ ಮೇಲೆ. ಎಲ್ಲವನ್ನೂ ಬಿಗಿಯಾಗಿ ಮುಚ್ಚಿದರೂ ತೊಂದರೆ. ಇಬ್ಬರ ಉಸಿರಿನ ಆವಿಯಿಂದ ಗಾಜು ಮಬ್ಬಾಗುತ್ತದೆ. ಗಾಳಿಗೆ ಒಂದು ಸಣ್ಣ ಮಡಿಕೆಯ ದಾರಿ ಬಿಡಲೇಬೇಕು. ಪಿವಿಸಿ ಚಳಿಗೆ ಸೆಟೆದು ಬಿರಿಯುತ್ತದೆ. ಆದ್ದರಿಂದ ಅದನ್ನು ಮಡಿಸದೆ ಮೆತ್ತನೆಯ ಬಟ್ಟೆಯೊಂದಿಗೆ ಸುರುಳಿ ಸುತ್ತಿಡುತ್ತಾರೆ. ಚಳಿಗೆ ವಿನೈಲ್ ಕೂಡ ಕುಗ್ಗುತ್ತದೆ. ಬೆಚ್ಚಗಿನ ಕೋಣೆಯಲ್ಲಿ ಕೊನೆಯ ಎಳೆಯವರೆಗೂ ಬಿಗಿದು ಗುಂಡಿ ಹಾಕಿದ ಹುಡ್ ಡಿಸೆಂಬರಿನಲ್ಲಿ ಗುಂಡಿಗೆ ಎಟಕುವುದಿಲ್ಲ.

ಈಗ ಹೇಳಿ, ಇದು ಎಂಜಿನಿಯರಿಂಗ್ ಅಲ್ಲವೇ? ಇದರಲ್ಲಿ ರೇಖಾಗಣಿತ ಇದೆ, ಭೌತಶಾಸ್ತ್ರ ಇದೆ, ವಸ್ತುಗಳ ಗುಣ ಇದೆ. ಆದರೂ ನಮ್ಮಲ್ಲಿ ಎಂಜಿನ್ ಬಿಚ್ಚುವವನು ಮೆಕ್ಯಾನಿಕ್, ಚಿತ್ರ ಬರೆಯುವವನು ಎಂಜಿನಿಯರ್, ಹೊಲಿಯುವವರು ಮಾತ್ರ ‘ಬರೀ ಟೈಲರ್’. ನಮ್ಮೂರಿನ ಆಟೋಗಳಿಗೆ, ಜೀಪುಗಳಿಗೆ ಮಳೆಗಾಲದ ಮುಂಚೆ ಹುಡ್ಡು, ಪಕ್ಕದ ಪರದೆ ಹೊಲಿದು ಕೊಡುವವರನ್ನು ನೀವೆಲ್ಲ ನೋಡಿದ್ದೀರಿ. ನಾನು ಇಷ್ಟು ಹೊತ್ತು ಹೇಳಿದ್ದರಲ್ಲಿ ಅವರಿಗೆ ಗೊತ್ತಿಲ್ಲದ್ದು ಗೌಸನ ಹೆಸರೊಂದೇ ಇರಬೇಕು. ನನ್ನ ಸಹೋದ್ಯೋಗಿ ದೊಡ್ಡ ಪದವೀಧರರು. ಅವರು ಸೆಕೆಂಡ್ ಹ್ಯಾಂಡ್ ಹೊಲಿಗೆ ಯಂತ್ರ ಕೊಂಡು, ಪಕ್ಕದ ಬೀದಿಯಲ್ಲಿ ಸೋಫಾ ಹೊಲಿಯುವವರ ಬಳಿ ಶಿಷ್ಯರಾಗಿ ಕುಳಿತರು. ಆ ವಿದ್ಯೆ ಇಲ್ಲದೆ ಕಾರು ಮುಗಿಯುತ್ತಿರಲಿಲ್ಲ.

ಈ ಹಾಲಿನಲ್ಲಿರುವ ಮಕ್ಕಳೆಲ್ಲರೂ ಬಿಇ ಮಾಡುವುದಿಲ್ಲ. ಮಾಡಬೇಕಾಗಿಯೂ ಇಲ್ಲ. ಹತ್ತನೇ ತರಗತಿಯ ಅಂಕ ಕಡಿಮೆ ಬಂದಿತೆಂದು ಕೈಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರು ತಲೆ ತಗ್ಗಿಸಿ ಹೋಗಬಾರದು ಎನ್ನುವುದಷ್ಟೇ ನನ್ನ ಆಸೆ. ಕತ್ತರಿ ಹಿಡಿದವರಿಗೆ ತಾವು ಮಾಡುತ್ತಿರುವುದು ಯಾವ ಲೆಕ್ಕ ಎಂದು ತಿಳಿದಿರಲಿ. ಲೆಕ್ಕ ಬಿಡಿಸುವವರಿಗೆ ಕತ್ತರಿ ಹಿಡಿದು ಗೊತ್ತಿರಲಿ.

ನಾವು ಓದುವಾಗ ಇಲ್ಲಿ ವಾರಕ್ಕೊಂದು ಹೊಲಿಗೆ ಪೀರಿಯಡ್ ಇತ್ತು. ಆ ಯಂತ್ರಗಳು ಈಗ ಉಗ್ರಾಣದಲ್ಲಿವೆ ಎಂದು ಬೆಳಿಗ್ಗೆ ತಿಳಿಯಿತು. ಹಳೆಯ ವಿದ್ಯಾರ್ಥಿಗಳ ಸಂಘ ಸ್ಮಾರ್ಟ್ ಕ್ಲಾಸಿಗೆ ಹಣ ಕೂಡಿಸುತ್ತಿದೆ, ಬಹಳ ಸಂತೋಷ. ಅದರಲ್ಲಿ ನನ್ನ ಪಾಲಿನ ಹಣವನ್ನು ಆ ಯಂತ್ರಗಳ ರಿಪೇರಿಗೆ, ಒಂದಿಷ್ಟು ಬಟ್ಟೆ, ದಾರ, ಕತ್ತರಿಗೆ ಬಳಸಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಂಡಿದ್ದೇನೆ. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಒಂದೇ ಪೀರಿಯಡ್ ಇರಲಿ. ಮೊದಲ ಪಾಠವಾಗಿ ಶಾಲೆಯ ಜಗಲಿಗೆ ಎರಚಲು ತಡೆಯುವ ಪರದೆ ಹೊಲಿಯಲಿ. ಮುಂದಿನ ಮಳೆಗಾಲದಲ್ಲಿ ಬಂದು ಯಾವ ಹೊಲಿಗೆ ಸೋರುತ್ತದೆ ಎಂದು ಮಕ್ಕಳ ಜೊತೆ ನಿಂತು ನೋಡುತ್ತೇನೆ.

 ಶಾಲೆ ನೂರು ತುಂಬಲಿ.