ಸೇವೆಗೂ ಪಾಳಿ ಬೇಕು, ಬದಲಿ ಬೇಕು

(ಮುಂಬಯಿಯಲ್ಲಿ ನಮ್ಮ ಸೇವಾದಳದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಮಧ್ಯಾಹ್ನದ ಊಟದ ಗಿರಾಕಿ ಮುಗಿದು ಸಂಜೆಯ ತಿಂಡಿಗೆ ಒಲೆ ಹಚ್ಚುವ ನಡುವಿನ ಈ ಎರಡು ಗಂಟೆಯಲ್ಲಿ ತಾವು ಬಂದು ಕುಳಿತಿದ್ದೀರಿ. ಬೆಳಗಿನ ನಾಲ್ಕಕ್ಕೆ ಎದ್ದವರಿಗೆ ಇದು ನಿದ್ದೆಯ ಹೊತ್ತು. ಆದ್ದರಿಂದ ಮಾತನ್ನು ಬೆಳೆಸುವುದಿಲ್ಲ. ನಾವು ಏಳನೆಯ ತರಗತಿಗೇ ಪುಸ್ತಕ ಕಟ್ಟಿಟ್ಟು ಊರು ಬಿಟ್ಟು ಬಂದವರು. ಭಾಷಣ ಮಾಡಿ ಗೊತ್ತಿಲ್ಲ. ಆದರೆ ಮೇಜು ಒರೆಸಿ, ಬಿಲ್ಲು ಬರೆದು, ಗಲ್ಲಾದ ಮುಂದೆ ನಿಂತು ಲೆಕ್ಕ ಒಪ್ಪಿಸಿ ಗೊತ್ತುಂಟು. ಇಂದು ತಮ್ಮ ಮುಂದೆ ಅದನ್ನೇ ಮಾಡುತ್ತೇವೆ.

ಸಭೆಯ ಎದುರಿಗಿರುವ ಪ್ರಶ್ನೆ ಒಂದೇ. ನಮ್ಮ ದಳಕ್ಕೆ ಐದು ವರ್ಷ ತುಂಬಿತು. ಕೂಡಿಟ್ಟ ಹಣ ಸ್ವಲ್ಪ ಉಂಟು. ಅದರಲ್ಲಿ ಒಂದು ಸಭಾಗೃಹ ಹಿಡಿದು, ಅತಿಥಿಗಳನ್ನು ಕರೆಸಿ, ವಾದ್ಯ ಇಟ್ಟು ಉತ್ಸವ ಮಾಡೋಣವೆಂದು ಕೆಲವು ಗೆಳೆಯರ ಸೂಚನೆ. ಅವರ ಮಾತನ್ನು ನಾವು ಹಗುರಾಗಿ ಕಾಣುವುದಿಲ್ಲ. ವರ್ಷವಿಡೀ ಲೋಟ ತೊಳೆಯುವ ಕೈಗೆ ಒಂದು ದಿನ ಹೂವಿನ ಗುಚ್ಛ ಬರಲಿ ಎಂಬ ಆಸೆ ತಪ್ಪಲ್ಲ. ಆದರೆ ಕೈ ಎತ್ತುವ ಮೊದಲು ತಾವು ಒಂದು ಪೆಟ್ಟಿಗೆಯ ಕಥೆಯನ್ನು ಕೇಳಬೇಕು.

ನಮ್ಮ ದಳ ಹುಟ್ಟಿದ್ದು ಯಾವ ಸಭಾಗೃಹದಲ್ಲಿಯೂ ಅಲ್ಲ. 2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಹೋಟೆಲುಗಳು ಮುಚ್ಚಿದವು, ಗಾಡಿಗಳು ನಿಂತವು. ಊರಿಗೆ ಹೋಗುವಂತಿಲ್ಲ, ಇಲ್ಲಿ ಉಣ್ಣುವಂತಿಲ್ಲ. ಮಲಗುತ್ತಿದ್ದುದು ಹೋಟೆಲಿನ ಅಟ್ಟದ ಮೇಲೆ, ಊಟವೂ ಹೋಟೆಲಿನದೇ. ಹೋಟೆಲು ಮುಚ್ಚಿದರೆ ನಮ್ಮ ಮನೆಯೂ ಮುಚ್ಚಿದಂತೆ, ಅಡಿಗೆಯೂ ನಿಂತಂತೆ. ಆಗ ನಾವು ಹತ್ತಾರು ಜನ ಕೂಡಿ, ಇದ್ದ ಅಕ್ಕಿ ಒಟ್ಟು ಹಾಕಿ, ಒಂದು ಅಡಿಗೆಮನೆಯಲ್ಲಿ ಗಂಜಿ ಬೇಯಿಸಲು ತೊಡಗಿದೆವು. ದೊಡ್ಡ ಹಂಡೆಯಲ್ಲಿ ಬೇಯಿಸುವುದು ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ. ಚಾಳಿನ ಮರಾಠಿ ನೆರೆಯವರೂ ಉಂಡರು, ಬಿಹಾರದ ಹುಡುಗರೂ ಉಂಡರು. ಅದೇ ನಮ್ಮ ದಳದ ಉದ್ಘಾಟನೆ. ಅದಕ್ಕೆ ಹಾರವಿರಲಿಲ್ಲ, ಛಾಯಾಚಿತ್ರವಿರಲಿಲ್ಲ.

ಹಾರ ಬಂದುದು ಅನಂತರ. ಬಾಗಿಲು ತೆರೆದ ಮೇಲೆ ನಾವು ಹೋಟೆಲುಗಳ ಅಡಿಗೆಮನೆಗೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳನ್ನು ಕೊಟ್ಟೆವು. ಒಳ್ಳೆಯ ಕೆಲಸವೇ. ರಿಬ್ಬನ್ನು ಕತ್ತರಿಸಿದರು, ಚಪ್ಪಾಳೆ ತಟ್ಟಿದರು, ನಮ್ಮೆಲ್ಲರ ಫೋಟೋ ತೆಗೆದರು. ಪೆಟ್ಟಿಗೆ ಗೋಡೆಗೆ ಹತ್ತಿತು. ನಾವು ಮನೆಗೆ ಹೋದೆವು.

ಎರಡು ವರ್ಷ ಕಳೆಯಿತು. ಒಂದು ಭಾನುವಾರ ಬೆಳಿಗ್ಗೆ, ಗಿರಾಕಿಯ ಗಡಿಬಿಡಿಯಲ್ಲಿ, ಹತ್ತೊಂಬತ್ತು ವರ್ಷದ ಒಬ್ಬ ಹುಡುಗನ ತೋಳಿನ ಮೇಲೆ ಕುದಿಯುವ ಸಾಂಬಾರು ಚೆಲ್ಲಿತು. ಯಾರೋ ಓಡಿ ಪೆಟ್ಟಿಗೆ ತೆರೆದರು. ಒಳಗೆ ಒಂದು ಖಾಲಿ ಟ್ಯೂಬು, ತುಕ್ಕು ಹಿಡಿದ ಕತ್ತರಿ, ಯಾರದೋ ಬೀಡಿಯ ಕಟ್ಟು. ಬಟ್ಟೆಯ ಪಟ್ಟಿ ಎಂದೋ ಮುಗಿದಿತ್ತು. ಒಬ್ಬರು ಅರಿಸಿನ ಮೆತ್ತಿದರು, ಇನ್ನೊಬ್ಬರು ಹಲ್ಲುಜ್ಜುವ ಪೇಸ್ಟು ಸವರಿದರು. ಕೈಯ ಬಳೆಯನ್ನು ತೆಗೆಯಲು ಯಾರಿಗೂ ತೋಚಲಿಲ್ಲ. ತೋಳು ಊದಿದ ಮೇಲೆ ಅದನ್ನು ಕತ್ತರಿಸಬೇಕಾಯಿತು. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: “ಮೊದಲು ನೀರು ಹಾಕಿದಿರಾ?” ನಲ್ಲಿ ಮೂರು ಹೆಜ್ಜೆ ದೂರದಲ್ಲಿತ್ತು. ನಾವು ನೀರು ಹಾಕಿರಲಿಲ್ಲ.

ಇದರಲ್ಲಿ ಮಾಲಕರ ತಪ್ಪೆಷ್ಟು, ಇನ್ನೊಬ್ಬರ ತಪ್ಪೆಷ್ಟು ಎಂಬ ವಿಚಾರ ಬೇರೆ. ಪೆಟ್ಟಿಗೆ ನಮ್ಮದು. ಅದರ ಮೇಲೆ ನಮ್ಮ ದಳದ ಹೆಸರು ದಪ್ಪಕ್ಷರದಲ್ಲಿತ್ತು. ಹೆಸರು ಬರೆಯಲು ನಾವಿದ್ದೆವು, ತುಂಬಿಸಲು ನಾವಿರಲಿಲ್ಲ. ಈ ತಪ್ಪನ್ನು ಸಭೆಯ ಮುಂದೆ ಒಪ್ಪಿಕೊಳ್ಳುತ್ತೇವೆ.

ಹೀಗೇಕಾಯಿತು? ನಮ್ಮವರಿಗೆ ಮನಸ್ಸಿಲ್ಲವೆ? ಉಂಟು. ಆದರೆ ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ. ಪೆಟ್ಟಿಗೆಗಳನ್ನು ನೋಡಿಕೊಳ್ಳುತ್ತೇನೆಂದು ಒಬ್ಬ ಗೆಳೆಯ ಒಪ್ಪಿದ್ದ. ಮೊದಲ ಆರು ತಿಂಗಳು ತಪ್ಪದೆ ತಿರುಗಿದ. ಆಮೇಲೆ ತಾಯಿಗೆ ಕಾಯಿಲೆಯೆಂದು ಊರಿಗೆ ಹೋದ. ಹಿಂದಿರುಗಿದಾಗ ಹೋಟೆಲು ಬದಲಾಗಿತ್ತು, ರಜೆಯ ದಿನ ಬದಲಾಗಿತ್ತು. ಅವನ ಕೆಲಸವನ್ನು ಯಾರೂ ಎತ್ತಿಕೊಳ್ಳಲಿಲ್ಲ. ಎತ್ತಿಕೊಳ್ಳಬೇಕೆಂದು ನಾವು ಯಾರಿಗೂ ಹೇಳಿಯೂ ಇರಲಿಲ್ಲ.

ಇಲ್ಲಿ ಕುಳಿತ ಗಿರಣಿಯ ಹಿರಿಯರಿಗೆ ‘ಬದಲಿ’ ಎಂದರೇನೆಂದು ವಿವರಿಸಬೇಕಾಗಿಲ್ಲ. ಕಿರಿಯರಿಗಾಗಿ ಹೇಳುತ್ತೇವೆ. ಗಿರಣಿಯ ಭೋಂಗಾ ಕೂಗುವ ಮೊದಲೇ ಬಾಗಿಲಲ್ಲಿ ಬದಲಿಯವರು ಸಾಲುಗಟ್ಟಿ ನಿಲ್ಲುತ್ತಿದ್ದರು. ಕಾಯಂ ಕೆಲಸಗಾರ ಬಾರದ ದಿನ ಬದಲಿಯವನಿಗೆ ಕೆಲಸ. ಅವನು ಬಂದರೆ ಇವನಿಗೆ ಬರಿಗೈ. ಬದಲಿಯವನ ಹೊಟ್ಟೆಗೆ ಅದು ಅನ್ಯಾಯದ ಪದ್ಧತಿ. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಗಿರಣಿ ಕಾಮಗಾರರು ಮುಷ್ಕರಕ್ಕೆ ಇಳಿದಾಗ, ಬದಲಿಯವರನ್ನು ಕಾಯಂ ಮಾಡಬೇಕೆಂಬುದೂ ಅವರ ಬೇಡಿಕೆಗಳಲ್ಲೊಂದು. ಆ ಅನ್ಯಾಯವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಆದರೆ ಮಾಲಕ ತನ್ನ ಮಗ್ಗ ನಿಲ್ಲಬಾರದೆಂದು ಎಷ್ಟು ಎಚ್ಚರ ವಹಿಸಿದ, ನೋಡಿರಿ! ಇನ್ನೊಬ್ಬರ ಲಾಭಕ್ಕಾಗಿ ಮಗ್ಗ ನಿಲ್ಲದಂತೆ ಬದಲಿ ನಿಂತವರು ನಾವು. ನಮ್ಮವರ ಪ್ರಾಣಕ್ಕಾಗಿ ಮಾಡುವ ಕೆಲಸಕ್ಕೆ ಒಬ್ಬ ಬದಲಿಯನ್ನು ಇಟ್ಟುಕೊಳ್ಳಬಾರದೆ?

ಆ ಭಾನುವಾರದ ಬಳಿಕ ನಾವು ಮಾಡಿದ ವ್ಯವಸ್ಥೆ ಇದು. ಪ್ರತಿ ಪೆಟ್ಟಿಗೆಗೆ ಇಬ್ಬರು: ಒಬ್ಬ ಪಾಳಿಯವ, ಒಬ್ಬ ಬದಲಿ. ಇಬ್ಬರ ವಾರದ ರಜೆ ಬೇರೆ ಬೇರೆ ದಿನವಾಗಿರಬೇಕು. ಇಬ್ಬರೂ ಒಟ್ಟಿಗೆ ಊರಿಗೆ ಹೋಗತಕ್ಕದ್ದಲ್ಲ. ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಒಂದು ಚೀಟಿ. ತಿಂಗಳ ಮೊದಲ ವಾರ ಪೆಟ್ಟಿಗೆ ತೆರೆದು ಎಣಿಸಿ, ಅವಧಿ ಮೀರಿದ ಔಷಧ ತೆಗೆದು, ಚೀಟಿಯ ಮೇಲೆ ದಿನಾಂಕ ಹಾಕಿ ರುಜು ಮಾಡಬೇಕು. ರುಜು ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರೂ ಆದೀತು, ಖಾಲಿ ಬಿಡಕೂಡದು.

ಪೆಟ್ಟಿಗೆಯ ಪಕ್ಕದ ಗೋಡೆಯ ಮೇಲೆ ಕನ್ನಡ, ಮರಾಠಿ, ಹಿಂದಿಗಳಲ್ಲಿ ನಾಲ್ಕು ಮಾತು ಬರೆಸಿದ್ದೇವೆ. ಸುಟ್ಟ ಜಾಗದ ಮೇಲೆ ಹರಿಯುವ ತಣ್ಣೀರನ್ನು 20 ನಿಮಿಷ ಬಿಡಿ, ಮಂಜುಗಡ್ಡೆ ಬೇಡ. ಉಂಗುರ, ಬಳೆ, ಗಡಿಯಾರಗಳನ್ನು ಊದುವ ಮೊದಲೇ ತೆಗೆಯಿರಿ; ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬೇಡಿ. ಅರಿಸಿನ, ಪೇಸ್ಟು, ಎಣ್ಣೆ, ಶಾಯಿ ಯಾವುದನ್ನೂ ಹಚ್ಚಬೇಡಿ. ಶುಭ್ರವಾದ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಕರೆದೊಯ್ಯಿರಿ, ವಾಹನಕ್ಕೆ 108. ಇಷ್ಟೇ. ನೀರಿಗೆ ನಾವು ಕಾಸು ಕೊಡಬೇಕಾಗಿಲ್ಲ. ಔಷಧಕ್ಕಿಂತ ಮೊದಲು ಬೇಕಾದುದು ಈ ನೀರು.

ನಮ್ಮ ಎರಡನೆಯ ಕೆಲಸ ರಕ್ತದ ಪಟ್ಟಿ. ಅದೂ ಒಮ್ಮೆ ಹೀಗೆಯೇ ಸತ್ತಿತ್ತು. ಶಿಬಿರದ ದಿನ ಹೆಸರು ಬರೆದುಕೊಂಡೆವು. ಅನಂತರ ತಿರುಗಿ ನೋಡಲಿಲ್ಲ. ಹೋಟೆಲಿನ ಕೆಲಸಗಾರ ಹೋಟೆಲು ಬದಲಿಸುತ್ತಾನೆ, ಕೆಲವೊಮ್ಮೆ ಫೋನಿನ ನಂಬರೂ ಬದಲಿಸುತ್ತಾನೆ. ಮಳೆಗಾಲಕ್ಕೆ ಊರಿಗೆ ಹೋಗುತ್ತಾನೆ. ಬರೆದ ಪಟ್ಟಿ ಮೂರು ತಿಂಗಳಲ್ಲಿ ಹಳಸಿದ ಅನ್ನ. ಈಗ ಪಟ್ಟಿಯನ್ನೂ ಪಾಳಿಯವರು ಮೂರು ತಿಂಗಳಿಗೊಮ್ಮೆ ಫೋನು ಮಾಡಿ ತಿದ್ದುತ್ತಾರೆ. ಕೊನೆಯ ಬಾರಿ ರಕ್ತ ಕೊಟ್ಟ ದಿನಾಂಕವನ್ನೂ ಬರೆಯುತ್ತಾರೆ. ಏಕೆಂದರೆ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಮಾತ್ರ ಕೊಡಬಹುದು. ವಯಸ್ಸು 18ರಿಂದ 65ರೊಳಗೆ, ತೂಕ 45 ಕಿಲೋಗೆ ಕಡಿಮೆಯಿಲ್ಲದೆ, ಹಿಮೋಗ್ಲೋಬಿನ್ 12.5ಕ್ಕೆ ಕಡಿಮೆಯಿಲ್ಲದೆ ಇರಬೇಕು. ರಾತ್ರಿ ಪಾಳಿ ಮಾಡಿ ನಿದ್ದೆಗೆಟ್ಟವರನ್ನು, ಹಸಿದವರನ್ನು ಹುರುಪಿನಲ್ಲಿ ಎಳೆದುಕೊಂಡು ಹೋಗಬೇಡಿರಿ. ರಕ್ತ ಕೊಟ್ಟು ನೇರವಾಗಿ ಒಲೆಯ ಮುಂದೆ ನಿಲ್ಲುವುದು ಶೌರ್ಯವಲ್ಲ.

ಮೂರನೆಯದು ಸೋಮವಾರದ ಮೇಜು. ಮಧ್ಯಾಹ್ನ ಮೂರೂವರೆಯಿಂದ ಐದರವರೆಗೆ ಇಬ್ಬರು ಕುಳಿತು ಅರ್ಜಿ ಬರೆದುಕೊಡುತ್ತಾರೆ. ಭವಿಷ್ಯನಿಧಿಯಾಗಲಿ ಈ.ಎಸ್.ಐ. ಆಗಲಿ ಇಲ್ಲದ ಕೆಲಸಗಾರರ ದಾಖಲೆಗಾಗಿ ಸರಕಾರ 2021ರ ಆಗಸ್ಟ್‌ನಲ್ಲಿ ಈ-ಶ್ರಮ್ ಆರಂಭಿಸಿತು. ನಮ್ಮ ಅನೇಕ ಮಾಣಿಗಳಿಗೆ ತಾವು ‘ಅಸಂಘಟಿತ ಕಾರ್ಮಿಕರು’ ಎಂಬ ಹೆಸರಿನವರೆಂಬುದೇ ಗೊತ್ತಿರಲಿಲ್ಲ. ಹಾಗೆಯೇ, 2015ರಲ್ಲಿ ಬಂದ ಸುರಕ್ಷಾ ಬಿಮಾ ಯೋಜನೆಗೆ 2022ರಿಂದ ವರ್ಷಕ್ಕೆ 20 ರೂಪಾಯಿ ಕಂತು. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಈ ಹಣವನ್ನು ಬ್ಯಾಂಕು ನಮ್ಮ ಖಾತೆಯಿಂದ ತಾನೇ ಕಡಿದುಕೊಳ್ಳುತ್ತದೆ. ಆದರೆ ಮೇ ತಿಂಗಳ ಕೊನೆಯಲ್ಲಿ ಸಂಬಳವನ್ನೆಲ್ಲ ಊರಿಗೆ ಕಳಿಸಿ ಖಾತೆ ಬರಿದು ಮಾಡಿದರೆ ಆ 20 ರೂಪಾಯಿಯೂ ಸಿಕ್ಕದು, ವಿಮೆಯೂ ನಡೆಯದು. ಮೇ ತಿಂಗಳಲ್ಲಿ ಇದನ್ನು ಪ್ರತಿಯೊಬ್ಬರಿಗೂ ನೆನಪಿಸುವುದು ಮೇಜಿನವರ ಕೆಲಸ. ಮಾತು ಸಣ್ಣದು, ಮರೆತರೆ ಒಂದು ಮನೆ ಬೀದಿಗೆ ಬರುತ್ತದೆ.

ಬಂಧುಗಳೇ, ಇದನ್ನೆಲ್ಲ ನಾವು ಹೊಸದಾಗಿ ಕಂಡುಹಿಡಿಯಲಿಲ್ಲ. ಈ ಊರಿನಲ್ಲಿ ದುಡಿಯುವವರ ಸೇವೆಗೆ ದೊಡ್ಡ ಪರಂಪರೆಯುಂಟು. ಗಿರಣಿ ಕಾಮಗಾರರಿಗೆ ಭಾನುವಾರದ ರಜೆ ಬೇಕೆಂದು ಹೋರಾಡಿದ ನಾರಾಯಣ ಮೇಘಾಜಿ ಲೋಖಂಡೆಯವರು, ಪ್ಲೇಗಿನ ಕಾಲದಲ್ಲಿ ಜನ ಊರು ಬಿಟ್ಟು ಓಡುತ್ತಿರುವಾಗ ರೋಗಿಗಳ ಸೇವೆಗೆ ನಿಂತರು. 1897ರಲ್ಲಿ ಅದೇ ರೋಗಕ್ಕೆ ಬಲಿಯಾದರು. ಎನ್. ಎಂ. ಜೋಶಿಯವರು 1911ರಲ್ಲಿ ಸೋಶಿಯಲ್ ಸರ್ವಿಸ್ ಲೀಗ್ ಕಟ್ಟಿ ಕಾರ್ಮಿಕರಿಗೆ ವಾಚನಾಲಯ, ರಾತ್ರಿ ಶಾಲೆಗಳನ್ನು ನಡೆಸಿದರು. ಗಿರಣಗಾಂವಿನಲ್ಲಿ ಕಾಮಗಾರರಿಗೆ ಊಟ ಹಾಕುತ್ತಿದ್ದ ಖಾನಾವಳಿಯ ಹೆಂಗಸರನ್ನು ಪ್ರೇಮಾ ಪುರವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲವಾಗಿ ಒಗ್ಗೂಡಿಸಿದರು. ನಮ್ಮ ಕನ್ನಡಿಗರೂ ಹಿಂದೆ ಬೀಳಲಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿಯೇ ಹುಟ್ಟಿತು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಓದಿದ ಹುಡುಗರೆಷ್ಟೋ! ರಾತ್ರಿ ಶಾಲೆ ಎಂದರೆ ಒಂದು ದಿನದ ಉತ್ಸವವೇ? ಮಾಸ್ತರರು ದಿನವೂ ದೀಪ ಹಚ್ಚಿ ಕಾದುದರಿಂದ ಅದು ಶಾಲೆಯಾಯಿತು.

ಇನ್ನು ಹಣದ ಮಾತು. ಸೇವಾಸಂಸ್ಥೆಗಳಲ್ಲಿ ಜಗಳ ಹುಟ್ಟುವುದು ಹಣ ಕಡಿಮೆಯಾದಾಗಲ್ಲ, ಹಣ ಕಾಣದಾದಾಗ. 1860ರ ಸಂಸ್ಥೆಗಳ ಕಾಯಿದೆಯಂತೆ ಏಳು ಜನ ಸೇರಿ ಸಂಘ ನೋಂದಾಯಿಸಬಹುದು. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ನ್ಯಾಸ ಕಾಯಿದೆಯೂ ಅದಕ್ಕೆ ಹತ್ತುತ್ತದೆ. ಲೆಕ್ಕ ತಪಾಸಣೆ ಮಾಡಿಸಬೇಕು. ಪದಾಧಿಕಾರಿಗಳು ಬದಲಾದರೆ 90 ದಿನದೊಳಗೆ ತಿಳಿಸಬೇಕು. ಇದು ಸರಕಾರಕ್ಕೆ ಕೊಡುವ ಲೆಕ್ಕ. ಕೆಲಸಗಾರನಿಗೆ ಕೊಡುವ ಲೆಕ್ಕ ಬೇರೆ. ಅದನ್ನು ತಿಂಗಳಿಗೊಮ್ಮೆ ಗಟ್ಟಿಯಾಗಿ ಓದಬೇಕು, ಓದು ಬಾರದವನಿಗೂ ತಿಳಿಯುವಂತೆ. ಹತ್ತು ರೂಪಾಯಿ ಕೊಟ್ಟವನ ಹೆಸರನ್ನೂ ಸಾವಿರ ಕೊಟ್ಟವನ ಹೆಸರನ್ನೂ ಒಂದೇ ದನಿಯಲ್ಲಿ ಓದಬೇಕು. ಹಣ ಎರಡು ರುಜುಗಳಿಲ್ಲದೆ ಬ್ಯಾಂಕಿನಿಂದ ಹೊರಬರಕೂಡದು. ಮೊಬೈಲಿನಲ್ಲಿ ಬಂದ ವಂತಿಗೆ ದಳದ ಖಾತೆಗೇ ಬರಬೇಕು, ಯಾರ ಸ್ವಂತ ಖಾತೆಗೂ ಅಲ್ಲ. ಅವನು ಎಷ್ಟೇ ಪ್ರಾಮಾಣಿಕನಿರಲಿ.

ಶ್ರೀಮಂತರ ಸೇವಾಸಂಸ್ಥೆಗಳು ಹಣ ಕೊಡಬಲ್ಲವು. ಅದು ಒಳ್ಳೆಯದೇ, ಕೊಟ್ಟರೆ ರಸೀತಿ ಕೊಟ್ಟು ತೆಗೆದುಕೊಳ್ಳೋಣ. ನಮ್ಮಲ್ಲಿ ಹಣವಿಲ್ಲ, ಇರುವುದು ಮಧ್ಯಾಹ್ನದ ಈ ಎರಡು ಗಂಟೆ, ಅದೂ ವಾರಕ್ಕೆ ಒಂದು ಸಲ. ಆದರೆ ಹೋಟೆಲು ಕೆಲಸಗಾರನಿಗೆ ಗೊತ್ತಿರುವ ಒಂದು ವಿದ್ಯೆ ದೊಡ್ಡವರಿಗೂ ದುರ್ಲಭ. ನಿನ್ನೆ ಎಷ್ಟು ಚೆನ್ನಾಗಿ ಇಡ್ಲಿ ಮಾಡಿದ್ದರೂ ಇಂದಿನ ಗಿರಾಕಿಗೆ ಇಂದೇ ಇಡ್ಲಿ ಬೇಯಿಸಬೇಕು ಎಂಬುದು ನಮಗೆ ಗೊತ್ತು. ಸೇವೆಯೂ ಹಾಗೆಯೇ.

ಆದುದರಿಂದ ನಮ್ಮ ಸೂಚನೆ ಇಷ್ಟು. ಐದನೆಯ ವರ್ಷದ ದಿನವನ್ನು ಆಚರಿಸೋಣ. ಆದರೆ ಸಭಾಗೃಹ ಬೇಡ. ಇದೇ ಕೋಣೆಯಲ್ಲಿ ನಮ್ಮ ಭಟ್ಟರ ಕೈಯ ಉಪ್ಪಿಟ್ಟು, ಚಹಾ. ಅಂದು ಎಲ್ಲ ಪೆಟ್ಟಿಗೆಗಳನ್ನೂ ತಂದು ಎಲ್ಲರ ಎದುರಿಗೆ ತೆರೆದು ತುಂಬಿಸೋಣ. ಸುಟ್ಟಗಾಯಕ್ಕೆ ಏನು ಮಾಡಬೇಕೆಂದು ಹೊಸ ಹುಡುಗರಿಗೆ ಕಲಿಸೋಣ. ಉಳಿದ ಹಣದಲ್ಲಿ ಇನ್ನೂ ಪೆಟ್ಟಿಗೆಯಿಲ್ಲದ ಅಡಿಗೆಮನೆಗಳಿಗೆ ಪೆಟ್ಟಿಗೆ ಕೊಡೋಣ; ಆದರೆ ಪಾಳಿಯವನೂ ಬದಲಿಯೂ ಹೆಸರು ಕೊಡುವ ತನಕ ಒಂದು ಪೆಟ್ಟಿಗೆಯನ್ನೂ ಗೋಡೆಗೆ ಹಚ್ಚಕೂಡದು.

ಆ ಹುಡುಗ ಈಗ ಮತ್ತೆ ಕೆಲಸಕ್ಕೆ ಬಂದಿದ್ದಾನೆ. ತೋಳಿನ ಕಲೆ ಹೋಗಿಲ್ಲ. ತನ್ನ ಅಡಿಗೆಮನೆಯ ಪೆಟ್ಟಿಗೆಯ ಪಾಳಿ ಈಗ ಅವನದೇ. ಚೀಟಿಯಲ್ಲಿ ಒಂದು ತಿಂಗಳೂ ರುಜು ತಪ್ಪಿಲ್ಲ. ಅವನಿಗೆ ಬದಲಿ ಮಾತ್ರ ಇನ್ನೂ ಸಿಕ್ಕಿಲ್ಲ. ಬುಧವಾರ ರಜೆಯಿರುವವರು ಬೇಕು.

ಮೊದಲು ಸೂಚನೆಗೆ ಕೈ ಎತ್ತಿರಿ. ಆಮೇಲೆ ಬುಧವಾರದ ರಜೆಯವರು ಮುಂದೆ ಬಂದು ಹೆಸರು ಬರೆಯಿಸಿರಿ. ಐದು ಗಂಟೆಗೆ ಒಲೆ ಹಚ್ಚಬೇಕಾಗಿದೆ.