ಮುಂದಿನ ಡಬ್ಬ ಹಳೇದು: ಡೆಬಿಯನ್ ಯಾಕೆ ಪ್ಯಾಕೇಜ್‌ಗಳನ್ನು ಕಿತ್ತು ಹಾಕುತ್ತೆ?

ಇವತ್ತು ಅಡುಗೆಮನೆಯಿಂದ ಶುರು ಮಾಡ್ತೀನಿ.

ಅಮ್ಮ ಹೊಸ ಸಾರಿನ ಪುಡಿ ಮಾಡಿ ಶೆಲ್ಫಿನಲ್ಲಿ ಹಿಂದೆ ಇಡ್ತಾರೆ. ಹಳೇ ಡಬ್ಬ ಮುಂದೇನೇ ಇರುತ್ತೆ. ನಾನು ಸಾರು ಮಾಡೋಕೆ ಹೋದ್ರೆ ಕೈ ಹೋಗೋದು ಮುಂದಿನ ಡಬ್ಬಕ್ಕೆ. ಆಮೇಲೆ "ಹೊಸ ಪುಡಿಗೆ ಘಮಾನೇ ಇಲ್ವಲ್ಲಮ್ಮ" ಅಂತ ದೂರು ಬೇರೆ!

ನನ್ನ ಲ್ಯಾಪ್‌ಟಾಪಿನಲ್ಲೂ ಇದೇ ಆಯ್ತು. ಅದರಲ್ಲಿರೋದು ಡೆಬಿಯನ್ ಲಿನಕ್ಸ್. ಪರ್ಲ್ ಅಪ್‌ಡೇಟ್ ಮಾಡಿದೆ, ಆದ್ರೂ ಒಂದು ಮಾಡ್ಯೂಲಿನ ಹಳೇ ಬಗ್ ಹೋಗಲೇ ಇಲ್ಲ. ಎರಡು ಸಂಜೆ ನನ್ನ ಕೋಡನ್ನೇ ಬೈಕೊಂಡೆ. ಕೊನೆಗೆ ಆ ಮಾಡ್ಯೂಲ್ ಯಾವ ಫೋಲ್ಡರಿನಿಂದ ಲೋಡ್ ಆಗ್ತಿದೆ ಅಂತ ಪ್ರಿಂಟ್ ಮಾಡಿಸಿದೆ. ಸಿಕ್ಕಿಬಿತ್ತು! ಯಾವತ್ತೋ ಹಾಕಿಕೊಂಡಿದ್ದ ಬೇರೆ ಪ್ಯಾಕೇಜ್ ಮುಂದೆ ಕೂತಿತ್ತು.

ಹೀಗ್ಯಾಕೆ ಆಗುತ್ತೆ? ಬೇರೆಯಾಗಿ ಸಿಗುತ್ತಿದ್ದ ಕೆಲವು ಮಾಡ್ಯೂಲ್‌ಗಳು ಮುಂದೆ ಪರ್ಲ್ ಒಳಗೇ ಸೇರ್ತವೆ. 2011ರಲ್ಲಿ ಬಂದ ಪರ್ಲ್ 5.14ರಲ್ಲಿ ಜೇಸನ್ ಪಿಪಿ ಹಾಗೆ ಸೇರಿತು. ಆದರೆ ಡೆಬಿಯನ್‌ನಲ್ಲಿ ಪರ್ಲ್ ಮೊದಲು ನೋಡೋದು ಬೇರೆ ಪ್ಯಾಕೇಜ್‌ಗಳ ಫೋಲ್ಡರ್, ಆಮೇಲೆ ತನ್ನದು. ಬೇರೆ ಪ್ಯಾಕೇಜ್ ಹೊಸದಾಗಿದ್ರೆ ಇದು ಒಳ್ಳೇ ವ್ಯವಸ್ಥೆ. ಹಳೇದಾದ್ರೆ? ಭದ್ರತೆಯ ತೇಪೆ ಒಳಗಿನ ಪ್ರತಿಗೆ ಬಿದ್ದಿರುತ್ತೆ, ಓಡ್ತಿರೋದು ತೂತಿರೋ ಪ್ರತಿ. ಎರರ್ ಕೂಡ ಬರಲ್ಲ.

ಅದಕ್ಕೇ ಡೆಬಿಯನ್‌ನ ಸ್ವಯಂಸೇವಕರು ಇಂಥ ಪ್ಯಾಕೇಜ್‌ಗಳನ್ನು ಹುಡುಕಿ ತೆಗೀತಾರೆ. ಮೊದಲು ಒಳಗಿನ ಪ್ರತಿ ಅಷ್ಟೇ ಹೊಸದಾ ಅಂತ ನೋಡ್ತಾರೆ. ಆಮೇಲೆ ಇದನ್ನು ನಂಬಿಕೊಂಡಿರೋ ಬೇರೆ ಪ್ಯಾಕೇಜ್‌ಗಳು ಯಾವುವು ಅಂತ. ಪರ್ಲ್ ಪ್ಯಾಕೇಜೇ "ಆ ಹೆಸರಿನ ಕೆಲಸ ನಾನು ಮಾಡ್ತೀನಿ" ಅಂತ ಘೋಷಿಸಿಕೊಳ್ಳೋಕೆ ಅವಕಾಶವಿದೆ. ಹಾಗಾಗಿ ಹಳೇ ಹೆಸರು ಕೇಳಿದವರೂ ಬೀಳಲ್ಲ.

ಆದರೆ ಕಿತ್ತು ಹಾಕಿದ್ದೆಲ್ಲ ಶಾಶ್ವತವಾಗಿ ಹೋಯ್ತು ಅಂತಲ್ಲ. ವರ್ಷಗಟ್ಟಲೆ ಪರ್ಲ್ ಒಳಗಿದ್ದ ಸಿಜಿಐ ಮಾಡ್ಯೂಲನ್ನು 2015ರ 5.22ರಲ್ಲಿ ಹೊರಗೆ ಹಾಕಿದರು. ಅದು ಬೇಕಾದವರಿಗೆ ಮತ್ತೆ ಬೇರೆ ಪ್ಯಾಕೇಜೇ ಗತಿ. ಅದಕ್ಕೇ ಈ ಲೆಕ್ಕವನ್ನು ಪ್ರತಿ ಸಲ ಹೊಸದಾಗಿ ಮಾಡಬೇಕು.

ಹೊಸ ಫೀಚರ್ ಸೇರಿಸಿದವರಿಗೆ ಚಪ್ಪಾಳೆ ಸಿಗುತ್ತೆ. ಹಳೇ ಡಬ್ಬ ಎತ್ತಿಟ್ಟವರ ಹೆಸರು ಯಾರಿಗೂ ಗೊತ್ತಾಗಲ್ಲ. ಇವತ್ತು ನಿಮ್ಮ ಸಿಸ್ಟಮ್‌ನಲ್ಲಿ ಮುಂದಿನ ಸಾಲಿನಲ್ಲಿ ಏನು ಕೂತಿದೆ ಅಂತ ಒಮ್ಮೆ ನೋಡಿ. ಮತ್ತೆ ಸಿಗೋಣ.